ಒನಕೆ ಗೊತ್ತು, ಕೇರಿ ಗೊತ್ತಿಲ್ಲ

ತ.ರಾ.ಸು. ತೀರಿಕೊಂಡ ಮರುವರ್ಷ, 1985ರಲ್ಲಿ, ಅವರ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೊಡ್ಡವರಿಗೆಂದು ಬರೆದದ್ದಾದರೂ ಚರಿತ್ರೆಯ ರುಚಿ ಹತ್ತಲಿ ಎಂದು ನನ್ನಂಥ ಮೇಷ್ಟ್ರುಗಳು ಹುಡುಗರ ಕೈಗೆ ಕೊಡುವ ಕಾದಂಬರಿಯಿದು. ಅಬ್ಬಿಗೆರೆಯಲ್ಲಿ ಕಾರ್ಖಾನೆ ಕೆಲಸಗಾರರ ಮಕ್ಕಳಿಗೆ ಪಾಠ ಹೇಳುವ ನಾನು ಆ ಮಕ್ಕಳ ಕಡೆಯಿಂದ ಮತ್ತೆ ಓದಿದೆ. ನಿರಾಸೆಯಾಯ್ತು.

ಬೇಡ ನಾಯಕರ ಆಳ್ವಿಕೆಯನ್ನು ಇಷ್ಟು ಗೌರವದಿಂದ ಕಟ್ಟಿಕೊಟ್ಟದ್ದು ಸಣ್ಣ ಕೆಲಸವಲ್ಲ. ಅದನ್ನು ಒಪ್ಪಿಯೇ ಹೇಳ್ತೀನಿ. ಆದರೆ 1779ರಲ್ಲಿ ದುರ್ಗ ಹೈದರನ ಪಾಲಾದಾಗ ಕಾದಂಬರಿ ಮರುಗುವುದು ಮದಕರಿಗಾಗಿ, ಅರಮನೆಗಾಗಿ. ಕೋಟೆ ಕಾದವರ ಕೇರಿ ಅಂಚಿನಲ್ಲೇ ಉಳಿಯುತ್ತದೆ.

ಕಾವಲುಗಾರನ ಹೆಂಡತಿ ಓಬವ್ವ ಛಲವಾದಿ ಹೆಂಗಸೆಂಬ ನೆನಪು ಜನರಲ್ಲಿದೆ. ಪುಟ್ಟಣ್ಣ ಕಣಗಾಲರ 1972ರ 'ನಾಗರಹಾವು' ಬಂದಮೇಲೆ ಮಕ್ಕಳಿಗೆಲ್ಲ ಅವಳ ಒನಕೆ ಗೊತ್ತು; ಕೇರಿ ಗೊತ್ತಿಲ್ಲ. ಕಿಂಡಿಯಲ್ಲಿ ಶತ್ರುವನ್ನು ತಡೆದವಳಿಗೆ ಊರಬಾವಿಯ ನೀರು ಸೇದೋಕೆ ಬಿಡ್ತಿದ್ರಾ? ಇದನ್ನು ಕೇಳದ ಚರಿತ್ರೆಯಲ್ಲಿ ನಮ್ಮ ಮಕ್ಕಳಿಗೆ ಸಿಗೋದು ದೊರೆಗಾಗಿ ಸಾಯುವ ಪಾತ್ರವಷ್ಟೇ. ಕೇರಿಯಿಂದ ದುರ್ಗವನ್ನು ನೋಡುವ ಕಾದಂಬರಿಯೊಂದನ್ನು ನಮ್ಮವರೇ ಮಕ್ಕಳಿಗಾಗಿ ಬರೀಬೇಕು.