ಭಯವೆಂಬ ಬೀಜ: ಕುರೊಸಾವಾನ ‘ಮ್ಯಾಕ್‌ಬೆತ್’

ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ದುರಂತ ನಾಟಕವನ್ನು ಜಪಾನಿನ ನಿರ್ದೇಶಕ ಅಕಿರ ಕುರೊಸಾವಾ 1957ರಲ್ಲಿ ಕಪ್ಪು-ಬಿಳುಪು ಚಲನಚಿತ್ರವಾಗಿ ರೂಪಿಸಿದನು. ‘ಜೇಡರ ಬಲೆಯ ಕೋಟೆ’ ಎಂಬುದು ಅದರ ಜಪಾನೀ ಹೆಸರಿನ ಅರ್ಥ. ಹೊರನಾಡುಗಳಲ್ಲಿ ಅದು ‘ಥ್ರೋನ್ ಆಫ್ ಬ್ಲಡ್’ ಎಂದು ಪ್ರಸಿದ್ಧ. ಇಲ್ಲಿ ಮ್ಯಾಕ್‌ಬೆತ್ ವಾಷಿಜು ಎಂಬ ದಳಪತಿ. ಅವನ ಮಡದಿ ಅಸಾಜಿ. ಮೂವರು ಮಾಟಗಾತಿಯರಿಗೆ ಬದಲಾಗಿ, ಕಾಡಿನ ನಡುವೆ ರಾಟೆ ತಿರುಗಿಸುತ್ತ ಕುಳಿತ ಒಂದು ಪ್ರೇತ.

ಈ ಪ್ರೇತವು ನೀನು ಅರಸನಾಗುವೆ ಎನ್ನುತ್ತದೆಯೇ ಹೊರತು ಕೊಲ್ಲು ಎನ್ನುವುದಿಲ್ಲ. ಕೊಲೆಯ ಬೀಜವನ್ನು ಬಿತ್ತುವವಳು ಅಸಾಜಿ. ಆಕೆ ಬಿತ್ತುವುದಾದರೂ ಆಸೆಯನ್ನಲ್ಲ, ಭಯವನ್ನು. ಗೆಳೆಯ ಮಿಕಿ ಈ ಭವಿಷ್ಯವನ್ನು ಒಡೆಯನಿಗೆ ತಿಳಿಸಿಬಿಟ್ಟರೆ ನಮ್ಮ ಗತಿಯೇನು? ಒಡೆಯನೇ ತನ್ನ ಹಿಂದಿನವನನ್ನು ಕೊಂದು ಪಟ್ಟವೇರಿದವನಲ್ಲವೇ? ಒಡೆಯನು ವಾಷಿಜುವಿಗೆ ಸೇನೆಯ ಮುಂಚೂಣಿಯ ಗೌರವವನ್ನಿತ್ತಾಗ, ಅದೂ ಅವನನ್ನು ಸಾಯಿಸುವ ಹೂಟವೆಂದೇ ಆಕೆ ಅರ್ಥ ಹೇಳುತ್ತಾಳೆ. ಷೇಕ್ಸ್‌ಪಿಯರನ ಡಂಕನ್ ಸಜ್ಜನ. ಈ ಒಡೆಯನ ಕೈ ಮೊದಲೇ ರಕ್ತಸಿಕ್ತ. ಇದರಿಂದ ಪಾಪದ ತೂಕ ಇಳಿಯಿತೆಂದು ಆಕ್ಷೇಪಿಸಬಹುದು. ನನಗೆ ಹಾಗೆ ತೋರಲಿಲ್ಲ. ಆತ್ಮರಕ್ಷಣೆಯ ಹೆಸರಿನಲ್ಲಿ ನಡೆಯುವ ಹಿಂಸೆಗೆ ಕಾರಣಗಳು ಸದಾ ಅರ್ಧ ಸತ್ಯವಾಗಿಯೇ ಇರುತ್ತವೆ. ಅದರ ಅಪಾಯವಿರುವುದೂ ಅಲ್ಲಿಯೇ.

ಕೊಲೆಯ ರಾತ್ರಿಯ ದೃಶ್ಯವನ್ನು ನಿಧಾನವಾಗಿ ನೋಡಬೇಕು. ಒಡೆಯನಿಗೆ ತಮ್ಮ ಕೋಣೆಯನ್ನು ಬಿಟ್ಟುಕೊಟ್ಟ ದಂಪತಿಗಳು ಕುಳಿತಿರುವುದು, ಹಿಂದೆ ದ್ರೋಹಿಯೊಬ್ಬನು ಸತ್ತ, ತೊಳೆದರೂ ಹೋಗದ ನೆತ್ತರ ಕಲೆಯುಳ್ಳ ಕೋಣೆಯಲ್ಲಿ. ಮದ್ದು ಬೆರೆಸಿದ ಮದ್ಯವನ್ನು ತರಲು ಅಸಾಜಿ ಕತ್ತಲೆಯ ಬಾಗಿಲೊಳಗೆ ಹೋಗಿ ಮಾಯವಾಗುತ್ತಾಳೆ. ಉಡುಪಿನ ರೇಷ್ಮೆಯ ಸರಸರ ಸದ್ದು ಮಾತ್ರ ಕೇಳುತ್ತದೆ. ಕಾವಲುಗಾರನ ಈಟಿಯನ್ನು ತಂದು ಗಂಡನ ಕೈಗಿಡುವವಳೂ ಆಕೆಯೇ. ಕೊಲೆಯನ್ನು ನಮಗೆ ತೋರಿಸುವುದಿಲ್ಲ. ನಾವು ಕಾಯುವವಳೊಡನೆ ಕಾಯುತ್ತೇವೆ. ಹಿಂದಿರುಗಿದ ವಾಷಿಜುವಿನ ಬೆರಳುಗಳು ಈಟಿಯನ್ನು ಬಿಡಲಾರವು. ಆಕೆ ಅದನ್ನು ಬಲವಂತವಾಗಿ ಬಿಡಿಸಬೇಕಾಗುತ್ತದೆ. ಷೇಕ್ಸ್‌ಪಿಯರನ ನಾಯಕ ಸ್ವಗತಗಳಲ್ಲಿ ಹೇಳಿಕೊಳ್ಳುವುದನ್ನು ಈ ಬೆರಳುಗಳು ಹೇಳುತ್ತವೆ.

ಆದರೂ ಸ್ವಗತಗಳಿಲ್ಲದ್ದು ಒಂದು ನಷ್ಟವೇ ಸರಿ. ತೊಷಿರೋ ಮಿಫುನೆಯ ಅಭಿನಯ ಎಷ್ಟೇ ಪ್ರಚಂಡವಾದರೂ, ತನ್ನ ಅಧಃಪತನವನ್ನು ತಾನೇ ಅರಿತು ನಡೆಯುವ ಮ್ಯಾಕ್‌ಬೆತ್ ಇಲ್ಲಿ ದೊರೆಯುವುದಿಲ್ಲ. ಇಸುಜು ಯಮಾದಾ ಅಸಾಜಿಯಾಗಿ ನೋಹ್ ರಂಗಭೂಮಿಯ ಮುಖವಾಡದಂತೆ ನಿಶ್ಚಲ ಮುಖದಲ್ಲಿ ಕುಳಿತದ್ದು ಹೆಚ್ಚು ಭಯಂಕರ. (ಬಿ.ವಿ. ಕಾರಂತರು 1979ರ ಹಿಂದಿ ‘ಬರ್ನಮ್ ವನ’ಕ್ಕೆ ಯಕ್ಷಗಾನವನ್ನು ದುಡಿಸಿಕೊಂಡದ್ದು ಇಲ್ಲಿ ನೆನಪಾಗುತ್ತದೆ.)

ಮಿಕಿಯ ಮಗನನ್ನೇ ಉತ್ತರಾಧಿಕಾರಿಯಾಗಿಸಲು ವಾಷಿಜು ಮನಸ್ಸು ಮಾಡಿದ್ದನು. ಅಷ್ಟರಲ್ಲಿ ಅಸಾಜಿ ತಾನು ಗರ್ಭಿಣಿ ಎನ್ನುತ್ತಾಳೆ. ಮಿಕಿಯ ಕೊಲೆಗೆ ಅಷ್ಟು ಸಾಕಾಗುತ್ತದೆ. ಮೂಲದಲ್ಲಿಲ್ಲದ ಈ ಮಗು ಸತ್ತೇ ಹುಟ್ಟುತ್ತದೆ. ಯಾರಿಗಾಗಿ ಕೊಂದರೋ ಅವನೇ ಇಲ್ಲ. ತೊಳೆದ ಕೈಗಳನ್ನೇ ಮತ್ತೆ ಮತ್ತೆ ತೊಳೆಯುವ ತಾಯಿಯ ಹುಚ್ಚಿಗೆ ಇದು ಹೊಸ ಅರ್ಥವನ್ನು ಕೊಡುತ್ತದೆ.

ಕೊನೆಯಲ್ಲಿ ಮ್ಯಾಕ್‌ಡಫನಂತಹ ನ್ಯಾಯದ ವೀರನಿಲ್ಲ. ಕಾಡು ಮಂಜಿನಲ್ಲಿ ನಡೆದು ಬರುವುದನ್ನು ಕಂಡ ವಾಷಿಜುವಿನ ಸೈನಿಕರೇ ಅವನ ಮೇಲೆ ಬಾಣಗಳ ಮಳೆಗರೆಯುತ್ತಾರೆ. ಚಿತ್ರೀಕರಣದಲ್ಲಿ ನಿಜವಾದ ಬಾಣಗಳನ್ನೇ ಬಳಸಿದರು. ಮಿಫುನೆಯ ಕಣ್ಣಿನಲ್ಲಿರುವ ಭೀತಿ ಪೂರ್ತಿ ನಟನೆಯಲ್ಲ. ಬಿಲ್ಲೆತ್ತಿದವರೂ ಧರ್ಮಕ್ಕಾಗಿ ಎತ್ತಿದವರಲ್ಲ, ತಮ್ಮ ಜೀವಕ್ಕೆ ಹೆದರಿದವರು.