ಪೂರ್ವಾಶ್ರಯವನ್ನು ಕೇಳದ ಪ್ರೇಮ: ‘ದುರ್ಗೇಶನಂದಿನಿ’ಯ ಒಂದು ಪುನರ್ವಿಮರ್ಶೆ

ಐತಿಹಾಸಿಕ ಪ್ರಣಯ ಕಾದಂಬರಿಗಳಲ್ಲಿ ಗಾಯಗಳಿಗೆ ಬರವಿಲ್ಲ. ಕೋಟೆ ಬೀಳುತ್ತದೆ, ತಂದೆ ಹತನಾಗುತ್ತಾನೆ, ಕುಲಸ್ತ್ರೀ ಸೆರೆಯಾಗುತ್ತಾಳೆ, ವೀರನು ರಕ್ತದ ಮಡುವಿನಲ್ಲಿ ಒರಗುತ್ತಾನೆ. ಕಡೆಯ ಪ್ರಕರಣಕ್ಕೆ ಬರುವ ಹೊತ್ತಿಗೆ ಇವೆಲ್ಲಕ್ಕೂ ಪ್ರೇಮವೆಂಬ ಒಂದೇ ಔಷಧವನ್ನು ಲೇಪಿಸಿ, ವಿವಾಹಮಂಟಪವನ್ನು ಕಟ್ಟಿ, ಕಾದಂಬರಿಕಾರನು ಓದುಗನನ್ನು ಬೀಳ್ಕೊಡುತ್ತಾನೆ. ನೊಂದವರಿಗೆ ನಿಜವಾಗಿ ಗುಣವಾಯಿತೇ, ಗುಣಪಡಿಸಿದ ಪ್ರೇಮವು ಎಂತಹುದು ಎಂಬ ಪ್ರಶ್ನೆ ಮಂಗಳವಾದ್ಯಗಳ ಘೋಷದಲ್ಲಿ ಅಡಗಿಹೋಗುತ್ತದೆ.

ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕನ್ನಡಕ್ಕೆ ತಂದುಕೊಟ್ಟ ಬಂಕಿಮಚಂದ್ರರ ಕಾದಂಬರಿಗಳಲ್ಲಿ ‘ದುರ್ಗೇಶನಂದಿನಿ’ಯು ಈ ಪ್ರಶ್ನೆಗೆ ಅವಕಾಶ ಕೊಡುವ ಕೃತಿ. ಮೂಲವು 1865ರಲ್ಲಿ ಪ್ರಕಟವಾಯಿತು. ಬಂಕಿಮಚಂದ್ರರು ಬಂಗಾಳಿಯಲ್ಲಿ ಬರೆದ ಮೊದಲ ಕಾದಂಬರಿ ಇದೇ. ಸ್ಕಾಟನ ‘ಐವನ್‌ಹೋ’ದೊಡನೆ ಇದಕ್ಕಿರುವ ಸಾದೃಶ್ಯದ ಚರ್ಚೆ ಹಳೆಯದು, ಇಲ್ಲಿ ಅಪ್ರಸ್ತುತವೂ ಹೌದು. ಹದಿನಾರನೆಯ ಶತಮಾನದ ಕೊನೆಯಲ್ಲಿ ಮೊಗಲರಿಗೂ ಪಠಾಣರಿಗೂ ನಡೆದ ಕಾಳಗ ಇದರ ಹಿನ್ನೆಲೆ. ಮಾನಸಿಂಹನ ಮಗನಾದ ಜಗತ್ಸಿಂಹನು ಬಿರುಗಾಳಿಯ ರಾತ್ರಿಯಲ್ಲಿ ಶೈಲೇಶ್ವರನ ಗುಡಿಯನ್ನು ಹೊಕ್ಕು, ಅಲ್ಲಿ ಮಂದಾರಣ ದುರ್ಗಾಧಿಪತಿಯಾದ ವೀರೇಂದ್ರಸಿಂಹನ ಮಗಳು ತಿಲೋತ್ತಮೆಯನ್ನು ಕಾಣುತ್ತಾನೆ. ಶಿವಸನ್ನಿಧಿಯಲ್ಲಿ ಮೊಳೆತ ಈ ಪ್ರೇಮ ಬೆಳೆಯುವ ಮೊದಲೇ ಕೋಟೆಯು ಪಠಾಣರ ವಶವಾಗುತ್ತದೆ. ವೀರೇಂದ್ರಸಿಂಹನ ಶಿರಚ್ಛೇದವಾಗುತ್ತದೆ. ತಿಲೋತ್ತಮೆಯು ನವಾಬ ಕತಲೂಖಾನನ ಅಂತಃಪುರಕ್ಕೆ ಸೆರೆಯಾಳಾಗಿ ಹೋಗುತ್ತಾಳೆ. ತೀವ್ರವಾಗಿ ಗಾಯಗೊಂಡ ಜಗತ್ಸಿಂಹನು ಅದೇ ನವಾಬನ ಮಗಳಾದ ಆಯೇಷೆಯ ಶುಶ್ರೂಷೆಗೆ ಒಳಗಾಗುತ್ತಾನೆ.

ಜಗತ್ಸಿಂಹನ ಗಾಯ ದೇಹದ್ದು. ಶತ್ರುವಿನ ಮಗನೆಂದು ಎಣಿಸದೆ, ಹಗಲಿರುಳು ಹಾಸಿಗೆಯ ಬಳಿ ಕುಳಿತ ಆಯೇಷೆಯ ಆರೈಕೆಯಿಂದ ಅದು ಮಾಯುತ್ತದೆ. ಇದರಲ್ಲಿ ತೊಡಕಿಲ್ಲ. ತೊಡಕಿರುವುದು ತಿಲೋತ್ತಮೆಯ ಗಾಯದಲ್ಲಿ. ತಂದೆಯನ್ನು ಕಳೆದುಕೊಂಡು, ಮಾನಭಂಗದ ಭಯದಲ್ಲಿ ದಿನಗಳೆದ ಆ ಬಾಲೆಯು ಬಿಡುಗಡೆಯ ದಾರಿ ತೆರೆದ ರಾತ್ರಿಯಲ್ಲಿ ಓಡಿಹೋಗುವುದನ್ನು ಬಿಟ್ಟು ಜಗತ್ಸಿಂಹನ ಸೆರೆಮನೆಗೆ ಬರುತ್ತಾಳೆ. ಅವನಾದರೋ ಪರಕೀಯಳನ್ನು ಮಾತನಾಡಿಸುವಂತೆ ಮಾತನಾಡಿಸುತ್ತಾನೆ. ನವಾಬನ ಅಂತಃಪುರದಲ್ಲಿದ್ದವಳೆಂಬ ಸಂಶಯ ಅವನ ಎದೆಯನ್ನು ಕಲ್ಲಾಗಿಸಿದೆ. ಅವಳು ಮೂರ್ಛೆಹೋಗುತ್ತಾಳೆ. ಕತಲೂಖಾನನ ಸೆರೆಯು ಮಾಡದ ಗಾಯವನ್ನು ಪ್ರಿಯತಮನ ತಣ್ಣನೆಯ ಮಾತು ಮಾಡಿತು.

ಈ ಗಾಯಕ್ಕೆ ಮದ್ದು ದೊರೆಯುವ ಬಗೆಯನ್ನು ಓದುಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕತಲೂಖಾನನು ಸಾಯುವ ಗಳಿಗೆಯಲ್ಲಿ ತಿಲೋತ್ತಮೆಯು ಪರಿಶುದ್ಧಳೆಂದು ಜಗತ್ಸಿಂಹನಿಗೆ ತಿಳಿಸುತ್ತಾನೆ. ಅನಂತರವೇ ರಾಜಕುಮಾರನ ಪಶ್ಚಾತ್ತಾಪ. ಅನಂತರವೇ, ಕೊರಗಿನಿಂದ ಮರಣೋನ್ಮುಖಳಾಗಿದ್ದ ಅವಳ ಹಾಸಿಗೆಯ ಬಳಿಗೆ ಅಭಿರಾಮಸ್ವಾಮಿಯು ಅವನನ್ನು ಕರೆಸುವುದು, ಅವನನ್ನು ಕಂಡು ಅವಳು ಚೇತರಿಸಿಕೊಳ್ಳುವುದು. ಆರೋಗ್ಯದ ಆ ಪ್ರಕರಣ ಮನೋಹರವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾಯುತ್ತಿರುವ ನವಾಬನು ಆ ಒಂದು ಮಾತನ್ನು ಆಡದೆಹೋಗಿದ್ದರೆ? ಅಥವಾ ಸತ್ಯವು ಬೇರೆಯೇ ಆಗಿದ್ದರೆ? ಅಬಲೆಯೊಬ್ಬಳ ಮೇಲೆ ಬಲಾತ್ಕಾರವಾಗಿದ್ದರೆ ಅವಳು ಪ್ರೇಮಕ್ಕೆ ಇನ್ನಷ್ಟು ಪಾತ್ರಳಾಗಬೇಕಾಗಿತ್ತಲ್ಲದೆ ಕಡಿಮೆಯಾಗಲ್ಲ. ಬಂಕಿಮಚಂದ್ರರು ಈ ಪ್ರಶ್ನೆಯ ಹೊಸ್ತಿಲಿಗೆ ಬಂದು ಹಿಂದಿರುಗಿದ್ದಾರೆ. ಜಗತ್ಸಿಂಹನ ಪ್ರೇಮವು ಸಾಕ್ಷಿಯನ್ನು ಕೇಳಿ, ಸಾಕ್ಷಿಯನ್ನು ಪಡೆದು, ಬಳಿಕ ಔಷಧವಾದ ಪ್ರೇಮ.

ಲಿಂಗದೀಕ್ಷೆಯನ್ನು ಪಡೆದವನ ಪೂರ್ವಾಶ್ರಯವನ್ನು ಎಣಿಸಬಾರದೆಂಬುದು ವೀರಶೈವದ ಪ್ರಸಿದ್ಧ ಸಿದ್ಧಾಂತ. ಹುಟ್ಟಿದ ಕುಲವನ್ನಾಗಲಿ, ನಡೆದುಬಂದ ದಾರಿಯನ್ನಾಗಲಿ ಕೇಳುವವನೇ ದೋಷಿ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರಿಗೆ ಶರಣರು ಸಲ್ಲಿಸಿದ ಗೌರವಕ್ಕೂ, ಸೂಳೆ ಸಂಕವ್ವೆಯ ವಚನವು ಶಿವಾನುಭವ ಸಾಹಿತ್ಯದಲ್ಲಿ ಸ್ಥಾನ ಪಡೆದುದಕ್ಕೂ ಇದೇ ತಳಹದಿ. (ಆಚರಣೆಯಲ್ಲಿ ಈ ತತ್ತ್ವವು ಎಷ್ಟರಮಟ್ಟಿಗೆ ಉಳಿದುಬಂದಿದೆಯೆಂಬುದು ಬೇರೆ ಮಾತು.) ಲೌಕಿಕ ಪ್ರಣಯಕಥೆಯನ್ನು ದೀಕ್ಷೆಯ ಅಳತೆಗೋಲಿನಿಂದ ಅಳೆಯುವುದು ಅನುಚಿತವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಪ್ರೇಮಿಗಳ ಪ್ರಥಮ ದರ್ಶನವನ್ನು ಶಿವನ ಮುಂದೆ ನಿಲ್ಲಿಸಿ, ರೋಗಿಯ ಮಂಚದ ಪಕ್ಕದಲ್ಲಿ ಸಂನ್ಯಾಸಿಯನ್ನು ಕೂರಿಸಿದವರು ಕಾದಂಬರಿಕಾರರೇ.

ಪೂರ್ವಾಶ್ರಯದ ಪ್ರಶ್ನೆ ವಿಮಲೆಯ ಪಾತ್ರದಲ್ಲಿ ಇನ್ನೂ ಕಠೋರವಾಗಿ ಎದ್ದುನಿಲ್ಲುತ್ತದೆ. ಮಂದಾರಣದ ಮನೆಯಲ್ಲಿ ಪರಿಚಾರಿಕೆಯಂತೆ ಓಡಾಡುವ ಈ ಚತುರೆಯು ವೀರೇಂದ್ರಸಿಂಹನ ಧರ್ಮಪತ್ನಿಯೆಂಬುದು ಕಥೆಯ ಉತ್ತರಾರ್ಧದಲ್ಲಿ ಬಯಲಾಗುತ್ತದೆ. ಅವಳ ತಾಯಿ ಶೂದ್ರಳೆಂಬ ಒಂದೇ ಕಾರಣದಿಂದ ದುರ್ಗಾಧಿಪತಿಯು ಕೈಹಿಡಿದವಳನ್ನು ದಾಸಿಯ ವೇಷದಲ್ಲಿ ಇರಿಸಿಕೊಂಡಿದ್ದನು. ಹೆಂಡತಿಯೆನಿಸಿಕೊಳ್ಳುವ ಭಾಗ್ಯ ಅವಳಿಗೆ ದೊರೆತದ್ದು ವಧಾಸ್ಥಾನದಲ್ಲಿ. ವಿಮಲೆಯ ನೋವಿಗೆ ಯಾವ ಪ್ರೇಮಿಯೂ ವೈದ್ಯನಾಗಿ ಬರುವುದಿಲ್ಲ. ಜನ್ಮದಿನೋತ್ಸವದ ರಾತ್ರಿಯಲ್ಲಿ ಅವಳು ಕತಲೂಖಾನನ ಎದೆಗೆ ಕಠಾರಿಯನ್ನು ನೆಡುತ್ತಾಳೆ. ಸೇಡು ತೀರಿತು, ನೋವು ತೀರಿತೆಂದು ಕಾದಂಬರಿ ಎಲ್ಲಿಯೂ ಹೇಳುವುದಿಲ್ಲ. ಪುಸ್ತಕದ ಅತ್ಯಂತ ಪ್ರಾಮಾಣಿಕವಾದ ಮೌನವಿದು.

ಉಳಿದವಳು ಆಯೇಷೆ. ಸೆರೆಮನೆಯಲ್ಲಿ ಮೂರ್ಛೆಗೊಂಡ ತಿಲೋತ್ತಮೆಯನ್ನು ಎತ್ತಿ ಉಪಚರಿಸಿದವಳೂ ಇವಳೇ. ಅವಳು ಯಾರು, ಅಂತಃಪುರದಲ್ಲಿ ಏನಾಯಿತು, ಪರಿಶುದ್ಧಳೋ ಅಲ್ಲವೋ ಎಂಬ ಒಂದು ಪ್ರಶ್ನೆಯೂ ಆ ಉಪಚಾರಕ್ಕೆ ಅಡ್ಡಬರಲಿಲ್ಲ. ರಾಜಕುಮಾರನು ಕೊಡಲಾರದುದನ್ನು ಪ್ರತಿಸ್ಪರ್ಧಿಯು ಕೊಟ್ಟಳು. ತನ್ನನ್ನು ಪ್ರೀತಿಸುವ ಉಸ್ಮಾನನ ಎದುರಿನಲ್ಲಿಯೇ ಈ ಬಂದಿಯು ತನ್ನ ಪ್ರಾಣೇಶ್ವರನೆಂದು ನಿರ್ಭಯವಾಗಿ ಸಾರಿದವಳು, ಕಡೆಗೆ ಮಂದಾರಣದ ಮದುವೆಗೆ ಬಂದು ವಧುವಿಗೆ ಆಭರಣಗಳನ್ನು ಕೊಟ್ಟು ಹಿಂದಿರುಗುತ್ತಾಳೆ. ಆ ರಾತ್ರಿ ವಿಷದ ಉಂಗುರವು ಅವಳ ಕೈಯಲ್ಲಿದೆ. ಈ ಯಾತನೆಯನ್ನು ಸಹಿಸಲಾರದಿದ್ದರೆ ಸ್ತ್ರೀಜನ್ಮವೇಕೆ, ಜಗತ್ಸಿಂಹನು ಕೇಳಿದರೆ ಏನೆಂದುಕೊಂಡಾನು ಎಂದು ಚಿಂತಿಸಿ ಉಂಗುರವನ್ನು ಕೋಟೆಯ ಕಂದಕದ ನೀರಿಗೆ ಎಸೆಯುತ್ತಾಳೆ.

ಇದು ತ್ಯಾಗದ ವಿಜಯವೆಂದು ವಿದ್ಯಾರ್ಥಿಗಳು ಪರೀಕ್ಷೆಗಳಲ್ಲಿ ಬರೆಯುವುದುಂಟು. ಅಷ್ಟು ಸುಲಭವಾಗಿ ಹೇಳಲಾಗದು. ಆಯೇಷೆಯು ಸಾಯಲಿಲ್ಲ, ನಿಜ. ಆದರೆ ಗುಣವಾಗಲೂ ಇಲ್ಲ. ಇತರರ ಗಾಯವನ್ನು ಮಾಯಿಸಿದ ಪ್ರೇಮವು ತನ್ನ ಗಾಯವನ್ನು ಹೊತ್ತುಕೊಂಡೇ ಕಿಟಕಿಯ ಬಳಿ ನಿಂತಿದೆ. ಪ್ರಿಯನಿಂದ ಇನ್ನೇನೂ ದೊರೆಯದೆಂದು ತಿಳಿದ ಮೇಲೆ ಆ ಪ್ರೇಮ ಏನಾಗಬೇಕು? ಪ್ರಣಯ ಕಾದಂಬರಿಯ ಚೌಕಟ್ಟು ಇಲ್ಲಿಗೆ ಮುಗಿಯುತ್ತದೆ.

ಇದೇ ಬಿಂದುವಿನಲ್ಲಿ ಆರಂಭವಾಗುವ ಕಥೆಯೊಂದು ಕನ್ನಡದಲ್ಲಿದೆ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಮದ್ದಳೆಕಾರನಾದ ಅಲ್ಲಮನು ಕಮಲತೆಯನ್ನು ಒಲಿದು ಕೂಡಿದವನು. ಅವಳು ಜ್ವರದಿಂದ ತೀರಿಕೊಂಡಳು. ವಿರಹದಿಂದ ಹುಚ್ಚನಂತೆ ಅಲೆದ ಅವನು ತೋಟವೊಂದರಲ್ಲಿ ತಲೆಬಾಗಿಸಿ ಕುಳಿತು ಕಾಲಿನ ಉಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಹೊನ್ನಿನ ಕಳಸವೊಂದು ಕಾಣುತ್ತದೆ. ಅಗೆಸಿದರೆ ಗುಡಿ, ಗುಡಿಯೊಳಗೆ ಕರಸ್ಥಲದಲ್ಲಿ ಲಿಂಗವನ್ನು ಹಿಡಿದು ಎವೆಯಿಕ್ಕದೆ ಕುಳಿತ ಅನಿಮಿಷಯ್ಯ. ಹರಿಹರನು ಇಲ್ಲಿ ಎರಡನೆಯ ನಾಯಿಕೆಯನ್ನು ತಂದು ಮೊದಲನೆಯವಳನ್ನು ಮರೆಸುವುದಿಲ್ಲ. ಕಳಸವನ್ನು ಕಂಡದ್ದು ದುಃಖದ ಕಾಲು. ಕಮಲತೆಯ ಅಗಲಿಕೆ ಇಲ್ಲದಿದ್ದರೆ ಆ ಉಗುರು ಆ ಮಣ್ಣನ್ನು ಮುಟ್ಟುತ್ತಲೇ ಇರಲಿಲ್ಲ.

ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ಈ ಕಥೆಯನ್ನು ಬದಲಿಸಿದನು. ಬನವಸೆಯ ಮಾಯಾದೇವಿಯ ಬಲೆಗೆ ಸಿಕ್ಕದ ಅವನ ಅಲ್ಲಮನಿಗೆ ಗಾಯವೆಂಬುದೇ ಇಲ್ಲ. ಪ್ರಭುದೇವರ ಮಹಿಮೆಗೆ ಅದೇ ತಕ್ಕುದೆಂದು ಭಕ್ತರು ಮೆಚ್ಚಿದ್ದಾರೆ, ಕಾವ್ಯವೂ ಉನ್ನತವಾದುದೇ. ಆದರೂ ಪತ್ನಿಯನ್ನು ಕಳೆದುಕೊಂಡು ಮಠದ ಜಗಲಿಯ ಮೇಲೆ ಬಂದು ಕುಳಿತ ಗೃಹಸ್ಥನೊಬ್ಬನಿಗೆ ಎರಡರಲ್ಲಿ ಒಂದನ್ನು ಓದಿ ಹೇಳಬೇಕಾದರೆ, ಕೈಗೆತ್ತಿಕೊಳ್ಳಬೇಕಾದುದು ಹರಿಹರನ ರಗಳೆಯನ್ನು. ಆಯೇಷೆಗೆ ಬಂಕಿಮಚಂದ್ರರು ಅಂತಹ ಕಳಸವನ್ನು ತೋರಿಸಲಿಲ್ಲ. ಉಂಗುರವು ನೀರಿಗೆ ಬಿದ್ದ ಮೇಲೆ ಅವರು ಒಂದು ಸಾಲನ್ನೂ ಮುಂದುವರಿಸಲಿಲ್ಲ.