ಲಕ್ಷ್ಮೀರಾಮನ ಮೊದಲ ದಿನ

ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಮೇಷ್ಟ್ರುಗಳ ಪುಸ್ತಕ. ಬಿ.ಕಾಂ., ಸಿ.ಎ. ಮಾಡಿದವನಿಗೆ ಅದರಲ್ಲೇನು ಕೆಲಸ ಎಂದು ಕೇಳಬಹುದು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ, ಪದವಿಯ ನಂತರ ಶಿಕ್ಷಕರಾಗಲು ಪಿಜಿಸಿಇ ಓದುವವರನ್ನು ಶಾಲೆಗಳಿಗೆ ಕಳಿಸುವ ವಿಭಾಗದ ಲೆಕ್ಕ ನೋಡುವುದು ನನ್ನ ಕೆಲಸ. ಒಂದು ವರ್ಷದ ಕೋರ್ಸು. ಅದರಲ್ಲಿ 120 ದಿನ ಶಾಲೆಯಲ್ಲೇ ಇರಬೇಕು, ಅದೂ ಕನಿಷ್ಠ ಎರಡು ಶಾಲೆಗಳಲ್ಲಿ. ಯಾರಿಗೆ ಯಾವ ಶಾಲೆ, ಅಲ್ಲಿಗೆ ಬಸ್ಸಿದೆಯೇ, ಭೌತಶಾಸ್ತ್ರಕ್ಕೆ ಮೆಂಟರ್ ಸಿಗುತ್ತಾರೆಯೇ ಎಂದು ಪಕ್ಕದ ಕೋಣೆಯ ಇಬ್ಬರು ದಿನವಿಡೀ ಫೋನು ಮಾಡುತ್ತಿರುತ್ತಾರೆ. ಶಾಲೆಗಳಿಗೆ ಕೊಡುವ ಹಣ ನನ್ನ ಮೇಜಿನಿಂದ ಹೋಗುತ್ತದೆ. ಹಾಗಾಗಿ ಈ ಕಥೆಯನ್ನು ನಾನು ಓದಿದ್ದು, ಒಬ್ಬ ವಿದ್ಯಾವಂತನನ್ನು ಒಂದು ವರ್ಷ ಶಾಲೆಗೆ ಕಳಿಸಿದ ಕಡತದಂತೆ.

ಕಥೆ ಸರಳ. ಶಿಕ್ಷಣದ ಬಗ್ಗೆ ಬಹಳ ಓದಿಕೊಂಡ ಲಕ್ಷ್ಮೀರಾಮ ಅಧಿಕಾರಿಯ ಬಳಿ ಹೋಗಿ, ಪ್ರಯೋಗ ಮಾಡಲು ಒಂದು ತರಗತಿ ಕೊಡಿ ಎನ್ನುತ್ತಾನೆ. ನಾಲ್ಕನೆಯ ತರಗತಿ ಸಿಗುತ್ತದೆ. ಮೊದಲ ದಿನ ಮಕ್ಕಳಿಗೆ ಮೌನದ ಆಟ ಆಡಿಸಲು ಹೋಗುತ್ತಾನೆ. ಗದ್ದಲವೋ ಗದ್ದಲ. ಕೊನೆಗೆ ಎಲ್ಲರನ್ನೂ ಮನೆಗೆ ಕಳಿಸಿಬಿಡುತ್ತಾನೆ. ಮುಂದೆ ಅವನು ಹೇಳುವ ಕಥೆಗಳು, ಪಠ್ಯಪುಸ್ತಕದ ದುಡ್ಡು ಕೂಡಿಸಿ ಕಟ್ಟುವ ತರಗತಿಯ ಗ್ರಂಥಾಲಯ, ಆಟದಲ್ಲೇ ಕಲಿಸುವ ವ್ಯಾಕರಣ, ಇವನ್ನೆಲ್ಲ ಬಲ್ಲವರು ಹೊಗಳಿದ್ದಾರೆ. ನನಗೆ ಮಾತ್ರ ಆ ಕೆಟ್ಟ ಮೊದಲ ದಿನವೇ ಪುಸ್ತಕದ ಅತ್ಯುತ್ತಮ ಭಾಗ. ಮುಚ್ಚುಮರೆ ಇಲ್ಲದೆ ಬರೆದ ಪುಟಗಳು ಅವು.

ತಕರಾರೂ ಇದೆ. ಗಿಜುಭಾಯಿ ಮೊದಲು ವಕೀಲರಾಗಿದ್ದವರು. ಆಮೇಲೆ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿ 1920ರಲ್ಲಿ ಬಾಲಮಂದಿರ ತೆರೆದರು. ವಕೀಲಿಯ ಅಭ್ಯಾಸ ಬರವಣಿಗೆಯಲ್ಲಿ ಉಳಿದಿದೆ: ಎದುರು ಪಕ್ಷಕ್ಕೆ ಬಲವಾದ ಮಾತು ಕೊಡುವುದಿಲ್ಲ. ಆ ಶಾಲೆಯ ಉಳಿದ ಶಿಕ್ಷಕರು ಬರುವುದು ಬಹುಪಾಲು ಮೂದಲಿಸಲು, ತಪ್ಪಿದರೆ ಪರೀಕ್ಷೆಯ ಚಿಂತೆ ಹೇಳಿಕೊಳ್ಳಲು. ಅಧಿಕಾರಿ ಆಗಾಗ ವಿಚಾರಿಸುತ್ತಾನೆ, ನಿಜ. ಆದರೆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು, ಸಂಜೆ ‘ಇವತ್ತು ಎಲ್ಲಿ ಜಾರಿತು ನೋಡೋಣ ಬಾ’ ಎನ್ನುವ ಒಬ್ಬ ಹಿರಿಯ ಮೇಷ್ಟ್ರಿಲ್ಲ. ಲಕ್ಷ್ಮೀರಾಮ ಬಿದ್ದು, ತಾನೇ ಎದ್ದು, ಮರುದಿನ ಕಥೆ ಶುರುಮಾಡುತ್ತಾನೆ. ಹಗಲುಗನಸು ಎಂಬ ಹೆಸರು ಚೆನ್ನಾಗಿ ಒಪ್ಪುವುದು ಇಲ್ಲಿಗೇ.

ಆ ಹಿರಿಯ ಮೇಷ್ಟ್ರನ್ನು ಪುಸ್ತಕ ಬಿಟ್ಟಿತೆಂದು ದೂರುವ ನಾನೂ ಅದನ್ನೇ ಮಾಡಿದ್ದೆ. ವಿದ್ಯಾರ್ಥಿ ನಡುವೆ ಬಿಟ್ಟುಹೋದರೆ ಶಾಲೆಗೆ ಎಷ್ಟು ಕೊಡಬೇಕು ಎಂಬುದಕ್ಕೆ ಸೂತ್ರ ಹಾಕಿದವನು ನಾನೇ: ಇದ್ದಷ್ಟು ದಿನಕ್ಕೆ ಅಷ್ಟು ಹಣ. ನೋಡಲು ಅಚ್ಚುಕಟ್ಟು. ಒಂದು ಶಾಲೆಯಲ್ಲಿ ಹುಡುಗನೊಬ್ಬ ಮೂರನೆಯ ವಾರ ಬಿಟ್ಟ. ಅವನ ಮೆಂಟರ್ ಆ ಮೂರು ವಾರ ಪ್ರತಿ ಸಂಜೆ ಅವನ ಜೊತೆ ಕೂತು ಮರುದಿನದ ಪಾಠ ಬರೆಸಿದ್ದರಂತೆ, ಅವನು ಅರ್ಧಕ್ಕೆ ನಿಲ್ಲಿಸಿದ ಪಾಠಗಳನ್ನು ತಾವೇ ಮುಗಿಸಿದ್ದರಂತೆ. ಚೆನ್ನಾಗಿ ಕಲಿಯುವವನಿಗೆ ಕೊನೆಯ ವಾರಗಳಲ್ಲಿ ಮೆಂಟರಿನ ಅಗತ್ಯ ಕಡಿಮೆ, ದುಡಿಮೆಯೆಲ್ಲ ಮೊದಲಲ್ಲೇ. ನನ್ನ ಸೂತ್ರ ಅವರಿಗೆ ಕೊಟ್ಟಿದ್ದು ಚಿಲ್ಲರೆ. ಮುಖ್ಯೋಪಾಧ್ಯಾಯಿನಿಯ ಪತ್ರ ಒಂದೇ ಸಾಲು: ಬರುವ ವರ್ಷ ನಮ್ಮಲ್ಲಿ ಜಾಗವಿಲ್ಲ.

ಊರಿನ ಹೈಸ್ಕೂಲಿಗೆ ಬಿ.ಇಡಿ. ಅಕ್ಕಂದಿರು ಚಾರ್ಟು ಸುತ್ತಿಕೊಂಡು ಬರುತ್ತಿದ್ದುದು ಆಗ ನೆನಪಾಯಿತು. ನಮಗೆ ಹೊಸ ಅಕ್ಕ ಸಿಕ್ಕ ಖುಷಿ. ಅವರು ಹೋದಮೇಲೆ ಅದೇ ಪಾಠವನ್ನು ನಮ್ಮ ಮೇಷ್ಟ್ರು ಮತ್ತೆ ಮೊದಲಿಂದ ಮಾಡುತ್ತಿದ್ದರು. ಆ ಎರಡನೆಯ ಪಾಠ ಯಾರ ವರದಿಯಲ್ಲೂ ಬಂದಿರಲಾರದು. ಎನ್‌ಸಿಟಿಇಯ 2014ರ ನಿಯಮ ಬಿ.ಇಡಿ.ಯನ್ನು ಎರಡು ವರ್ಷ ಮಾಡಿ, ಶಾಲೆಯ ಇಂಟರ್ನ್‌ಶಿಪ್ಪನ್ನು 20 ವಾರಕ್ಕೆ ಏರಿಸಿತು. ವಾರ ಹೆಚ್ಚಿದಷ್ಟೂ ಅಂಥ ಮೇಷ್ಟ್ರ ಕೆಲಸವೂ ಹೆಚ್ಚುತ್ತದೆ ಎನ್ನುವುದಕ್ಕೆ ಸಿ.ಎ. ಆಗಬೇಕಿಲ್ಲ.

ಈ ಸಲದ ಕರಡಿನಲ್ಲಿ, ವಿದ್ಯಾರ್ಥಿ ಉಳಿಯಲಿ ಬಿಡಲಿ, ಮೊದಲ ಮೂರು ವಾರಕ್ಕೆ ಅರ್ಧ ಹಣ ಎಂದು ಬರೆದಿದ್ದೇನೆ. ಆಡಿಟರ್ ಆಧಾರ ಕೇಳುತ್ತಾರೆ. ‘ದಿವಾಸ್ವಪ್ನ’ವನ್ನು ವೋಚರಿನಂತೆ ಲಗತ್ತಿಸಲು ಬರುವುದಿಲ್ಲ. ಹೊಸ ಕರಡನ್ನು ಆ ಶಾಲೆಗೂ ಕಳಿಸಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.